ಸ್ತನ ಕ್ಯಾನ್ಸರ್ ನಂತರದ ಕೈ ಬಾವು: ಟೇಪಿನ ಅಳತೆಯೊಂದೇ ಸಾಲದು

ಆಪರೇಷನ್ ಆಯಿತು, ರೇಡಿಯೇಷನ್ ಮುಗಿಯಿತು, ಇನ್ನು ಆರಾಮಾಗಿರಿ ಅಂತ ಡಾಕ್ಟರು ಮನೆಗೆ ಕಳಿಸಿದರು. ಅದಾಗಿ ಎಷ್ಟೋ ತಿಂಗಳ ಮೇಲೆ ಒಂದು ದಿನ ಬಳೆ ಬಿಗಿಯಾಗುತ್ತದೆ. ರವಿಕೆಯ ಒಂದೇ ತೋಳು ಹಿಡಿಯುತ್ತದೆ. ಸಂಜೆ ಹೊತ್ತಿಗೆ ಕೈ ಭಾರ. ಫಿಸಿಯೋಥೆರಪಿಗೆ ನಮ್ಮ ಹತ್ತಿರ ಬರುವ ಅನೇಕ ಹೆಂಗಸರು ಇದನ್ನು ಬಹಳ ದಿನ ಯಾರಿಗೂ ಹೇಳಿರುವುದೇ ಇಲ್ಲ. ಜೀವ ಉಳಿಯಿತಲ್ಲ, ಕೈ ಊದಿದರೆ ಏನು ಮಹಾ ಅಂತ ಸುಮ್ಮನಿರುತ್ತಾರೆ.

ಇದು ಲಿಂಫೆಡಿಮಾ. ಮೈಯ ಅಂಗಾಂಶಗಳಲ್ಲಿ ಉಳಿಯುವ ನೀರು, ಪ್ರೋಟೀನನ್ನು ದುಗ್ಧರಸ ನಾಳಗಳು ವಾಪಸ್ ರಕ್ತಕ್ಕೆ ಸೇರಿಸುತ್ತವೆ. ತೋಳಿನಿಂದ ಹೊರಟ ಈ ನಾಳಗಳು ಹೆಚ್ಚಾಗಿ ಕಂಕುಳಿನ ಗ್ರಂಥಿಗಳ ಮೂಲಕವೇ ಹೋಗಬೇಕು. ಆ ಗ್ರಂಥಿಗಳನ್ನು ತೆಗೆದರೆ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟರೆ ದಾರಿ ಕಟ್ಟುತ್ತದೆ. ಕಂಕುಳಿನ ಗ್ರಂಥಿಗಳನ್ನು ಹೆಚ್ಚು ತೆಗೆದಿದ್ದರೆ ಸುಮಾರು ಐವರಲ್ಲಿ ಒಬ್ಬರಿಗೆ ಬಾವು ಬರುತ್ತದೆ. ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಒಂದೆರಡು ಗ್ರಂಥಿ (ಸೆಂಟಿನೆಲ್ ಗ್ರಂಥಿ) ಮಾತ್ರ ತೆಗೆದವರಲ್ಲಿ ಇದು ಬಹಳ ಕಡಿಮೆ. ಆನೆಕಾಲು ರೋಗ ಕೈಗೆ ಬಂದಿದೆ ಅಂತ ಹೆದರಿ ಬರುವವರಿದ್ದಾರೆ. ಇದು ಅದಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ನೀರು ಹೋಗುವ ಮಾತ್ರೆಯಿಂದ ಇದು ಇಳಿಯುವುದಿಲ್ಲ.

ಮಣಿಕಟ್ಟಿನಿಂದ ಮೇಲಕ್ಕೆ 4 ಸೆಂ.ಮೀ.ಗೊಂದು ಗುರುತು ಹಾಕಿ ಎರಡೂ ಕೈಗಳ ಸುತ್ತಳತೆ ತೆಗೆಯುತ್ತೇವೆ. ಸಾಮಾನ್ಯವಾಗಿ 2 ಸೆಂ.ಮೀ. ವ್ಯತ್ಯಾಸ ಕಂಡರೆ ಲಿಂಫೆಡಿಮಾ ಅನ್ನುತ್ತೇವೆ. ಆದರೆ ಒಂದೂವರೆ ಸೆಂಟಿಮೀಟರ್ ಬಾವಿಗೇ ಮದುವೆ ಮನೆಗೆ ಹೋಗುವುದನ್ನು ಬಿಟ್ಟವರಿದ್ದಾರೆ. ದಪ್ಪ ಕೈ ಇಟ್ಟುಕೊಂಡೇ ಅಂಗಡಿ ನಡೆಸುವವರೂ ಇದ್ದಾರೆ. ಅದಕ್ಕೇ ಬ್ರಿಟನ್ನಿನ ತಜ್ಞರು ಲಿಮ್‌ಕ್ವಾಲ್ ಅನ್ನುವ ಪ್ರಶ್ನಾವಳಿ ಮಾಡಿದರು. ಕೆಲಸ ಮಾಡಲು ಆಗುತ್ತಾ, ಕೈ ನೋಡಿದರೆ ಏನನಿಸುತ್ತದೆ, ನೋವು ಭಾರ ಎಷ್ಟು, ಮನಸ್ಸು ಹೇಗಿದೆ ಅಂತ ಅದು ಕೇಳುತ್ತದೆ. ಟೇಪ್ ಹಿಡಿಯುವ ಮೊದಲೇ ಇದನ್ನು ಕೇಳಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಜೋಳದ ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕ ಬರುತ್ತಿದ್ದರು. ಕೆಲವು ವಾರ ಪದರ ಪದರವಾಗಿ ಬ್ಯಾಂಡೇಜ್ ಸುತ್ತಿದ ಮೇಲೆ ಬಾವು ಚೆನ್ನಾಗಿ ಇಳಿಯಿತು. ನಮಗೆಲ್ಲ ಖುಷಿ. ಅವರ ಮುಖ ಮಾತ್ರ ಸಪ್ಪಗಿತ್ತು. 'ಕೈ ಸಣ್ಣದಾತ್ರಿ, ಆದ್ರ ರೊಟ್ಟಿ ಬಡಿಯಾಕ ಆಗವಲ್ದು' ಅಂದರು. ಬಾವು ಮತ್ತೆ ಬರದ ಹಾಗೆ ಕೊಟ್ಟಿದ್ದ, ಕೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಷನ್ ತೋಳುಚೀಲ ಅಂಗೈಯನ್ನೂ ಮುಚ್ಚುತ್ತಿತ್ತು. ಹಿಟ್ಟು ನಾದಿದರೆ ಒದ್ದೆ, ಒಲೆ ಮುಂದೆ ಬೆವರು, ತುರಿಕೆ. ಹೀಗಾಗಿ ಅದನ್ನು ತೆಗೆದಿಟ್ಟಿದ್ದರು. ಅವರ ಅಂಗೈಯಲ್ಲಿ ಬಾವು ಇರಲಿಲ್ಲ. ಮಣಿಕಟ್ಟಿಗೆ ನಿಲ್ಲುವ ಚೀಲ ಕೊಟ್ಟೆವು, ಬೆರಳು ಊದುತ್ತವೆಯೇ ಅಂತ ವಾರ ವಾರ ನೋಡಿದೆವು. ಒಗೆದು ನೆರಳಲ್ಲಿ ಒಣಗಿಸಲು ಇನ್ನೊಂದು ಜೊತೆಗಿತ್ತು. ಒಂದೇ ಸಲ ಕೂತು ಬಡಿಯುವ ಬದಲು ತಂಪು ಹೊತ್ತಿನಲ್ಲಿ ಎರಡು ಸಲ. ನಡುವೆ ಕೈ ಎತ್ತಿ ಮುಷ್ಟಿ ಬಿಗಿದು ಬಿಡುವ ವ್ಯಾಯಾಮ. ಆಮೇಲಿನ ಅಳತೆಯಲ್ಲಿ ದೊಡ್ಡ ಬದಲಾವಣೆ ಇಲ್ಲ. ಆದರೆ ಅವರು ಮತ್ತೆ ಸಂತೆಗೆ ರೊಟ್ಟಿ ಕಳಿಸತೊಡಗಿದರು.

'ಆ ಕೈಲಿ ಏನೂ ಎತ್ತಬೇಡ' ಅಂತ ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಅದರಿಂದ ಕೈ ಸೋಲುತ್ತದೆ, ಅಷ್ಟೇ. ಅಮೆರಿಕದಲ್ಲಿ ಲಿಂಫೆಡಿಮಾ ಇದ್ದ 141 ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದು, ಚೀಲ ಹಾಕಿಕೊಂಡು, ನಿಧಾನವಾಗಿ ತೂಕ ಏರಿಸುತ್ತಾ ಹೋದವರಿಗೆ ಬಾವು ಜಾಸ್ತಿ ಆಗಲಿಲ್ಲ. ಬದಲಿಗೆ ತೊಂದರೆ ಉಲ್ಬಣಿಸುವುದು ಕಡಿಮೆಯಾಯಿತು, ಶಕ್ತಿ ಹೆಚ್ಚಿತು. ಹಾಗಂತ ಮೊದಲ ದಿನವೇ ತುಂಬಿದ ಕೊಡ ಎತ್ತಬೇಡಿ. ಅರ್ಧ ಕೆಜಿಯಿಂದ ಶುರು ಮಾಡಿ. ಮೈತೂಕ ಏರದಂತೆ ನೋಡಿಕೊಳ್ಳಿ, ಅದಕ್ಕೂ ಬಾವಿಗೂ ನೇರ ಸಂಬಂಧವಿದೆ. ಎಣ್ಣೆ ಹಾಕಿ ಜೋರಾಗಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಮಾತ್ರ ಖಂಡಿತ ಬೇಡ.

ಚರ್ಮ ಒಡೆಯದಂತೆ ದಿನಾ ಮಾಯಿಶ್ಚರೈಸರ್ ಹಚ್ಚಿ. ಹೊಲ, ತೋಟದ ಕೆಲಸಕ್ಕೆ ಗ್ಲೌಸ್ ಹಾಕಿ. ಮುಳ್ಳು ಚುಚ್ಚಿದ ಸಣ್ಣ ಗಾಯದಿಂದಲೂ ಇಂಥ ಕೈಗೆ ಸೋಂಕು ಬೇಗ ಹಬ್ಬುತ್ತದೆ. ಕೈ ಕೆಂಪಾಗಿ ಬಿಸಿಯಾದರೆ, ಚಳಿ ಜ್ವರ ಬಂದರೆ ಬ್ಯಾಂಡೇಜ್, ಚೀಲ ತೆಗೆದು ಆಗಲೇ ಆಸ್ಪತ್ರೆಗೆ ಹೋಗಿ. ಆ್ಯಂಟಿಬಯೋಟಿಕ್ ಅವತ್ತೇ ಶುರುವಾಗಬೇಕು. ಜ್ವರದ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ.