ಅಪಘಾತ ರಿಯಾದ್‌ನಲ್ಲಿ, ದಾವೆ ಹುಮನಾಬಾದ್‌ನಲ್ಲಿ

ಆಳಂದದ ಕೂಲಿಕಾರನೊಬ್ಬ ರಿಯಾದ್‌ನಲ್ಲಿ ರಸ್ತೆ ದಾಟುವಾಗ ವಾಹನ ಬಡಿದು ಕಾಲು ಕಳೆದುಕೊಂಡ ಎಂದುಕೊಳ್ಳೋಣ. ವಾಹನ ಓಡಿಸುತ್ತಿದ್ದವನು ಹುಮನಾಬಾದಿನವನು. ಇಬ್ಬರೂ ಊರಿಗೆ ಮರಳಿದ್ದಾರೆ. ಪ್ರತಿವಾದಿ ವಾಸಿಸುವ ಊರಿನಲ್ಲಿ ದಾವೆ ಹೂಡಲು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ ಅವಕಾಶ ಕೊಡುತ್ತದೆ. ಆದರೆ ಪರಿಹಾರವನ್ನು ಅಳೆಯಬೇಕಾದದ್ದು ಯಾವ ದೇಶದ ಕಾನೂನಿನಿಂದ? ಇಬ್ಬರ ನಡುವೆ ಕರಾರೇ ಇಲ್ಲದ ಮೇಲೆ, ಇಂಥ ಕಾನೂನು ಅನ್ವಯಿಸಲಿ ಎಂದು ಮೊದಲೇ ಬರೆದುಕೊಂಡ ಷರತ್ತೂ ಇರುವುದಿಲ್ಲ.

ಈ ಸೀಮೆಗೆ ಇದು ಹೊಸ ಗೊಂದಲವಲ್ಲ. 1948ರವರೆಗೆ ಗುಲ್ಬರ್ಗದಲ್ಲಿ ರೈಲು ಹತ್ತಿ ಸೊಲ್ಲಾಪುರದಲ್ಲಿ ಇಳಿದವನು ನಿಜಾಮರ ಕಾನೂನನ್ನು ಹಿಂದೆ ಬಿಟ್ಟು ಬೇರೊಂದು ಕಾನೂನಿನ ಕೆಳಗೆ ಬರುತ್ತಿದ್ದ.

ನಮ್ಮ ನ್ಯಾಯಾಲಯಗಳು ಎರವಲು ಪಡೆದ ಸೂತ್ರ ಇಂಗ್ಲೆಂಡಿನದು, 1870ರದು. ಜಮೈಕಾದ ದಂಗೆಯನ್ನು ಹತ್ತಿಕ್ಕಿದ ಗವರ್ನರ್ ಮೇಲೆ ಹೂಡಿದ ದಾವೆಯಲ್ಲಿ ಅದು ಹುಟ್ಟಿತು: ಕೃತ್ಯವು ಇಂಗ್ಲೆಂಡಿನ ಕಾನೂನಿನಂತೆ ದಾವೆಗೆ ಅರ್ಹವಾಗಿರಬೇಕು, ನಡೆದ ಸ್ಥಳದ ಕಾನೂನಿನಲ್ಲೂ ಅದಕ್ಕೆ ಸಮರ್ಥನೆ ಇರಬಾರದು. ಜಮೈಕಾದ ಶಾಸನಸಭೆ ಆಗಲೇ ಗವರ್ನರ್‌ಗೆ ರಕ್ಷಣೆ ಕೊಟ್ಟಿತ್ತು, ದಾವೆ ಬಿದ್ದುಹೋಯಿತು. ಅಧಿಕಾರಸ್ಥನನ್ನು ಉಳಿಸಿದ ಸೂತ್ರ ಕೂಲಿಕಾರನಿಗೆ ನ್ಯಾಯ ಕೊಟ್ಟೀತೆಂದು ನಂಬುವುದು ಕಷ್ಟ.

ಅದರ ಬಿಗಿ ಸಡಿಲವಾದದ್ದು ಮಾಲ್ಟಾದ ಒಂದು ಅಪಘಾತದಿಂದ. 1963ರಲ್ಲಿ ಅಲ್ಲಿ ನಿಯೋಜನೆಗೊಂಡಿದ್ದ ಬ್ರಿಟಿಷ್ ಸೇನಾ ಸಿಬ್ಬಂದಿಯೊಬ್ಬ ಸ್ಕೂಟರಿನ ಹಿಂದೆ ಕುಳಿತು ಹೋಗುತ್ತಿದ್ದಾಗ, ಇನ್ನೊಬ್ಬ ಬ್ರಿಟಿಷ್ ಸಿಬ್ಬಂದಿಯ ಕಾರು ಬಡಿಯಿತು. ಮಾಲ್ಟಾ ಕಾನೂನಿನ ಲೆಕ್ಕದಲ್ಲಿ ಅವನಿಗೆ ದಕ್ಕುವುದು ಕೈಬಿಟ್ಟುಹೋದ ಹಣ ಮಾತ್ರ, 53 ಪೌಂಡ್. ಇಂಗ್ಲಿಷ್ ಕಾನೂನಿನಲ್ಲಿ ನೋವು ನರಳಾಟಕ್ಕೂ ಬೆಲೆಯಿತ್ತು. ಅದಕ್ಕೆಂದೇ ಇನ್ನೂ 2,250 ಪೌಂಡ್. 1969ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಪೂರ್ತಿ ಮೊತ್ತವನ್ನು ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳ ತೀರ್ಮಾನ ಒಂದೇ, ಕೊಟ್ಟ ಕಾರಣಗಳು ಬೇರೆ ಬೇರೆ. ಮುಂದಿನ ವಕೀಲರು ಅದರಲ್ಲೇ ತಡಕಾಡಬೇಕಾಯಿತು. 1995ರಲ್ಲಿ ಬ್ರಿಟನ್ ಮಾನಹಾನಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಹಳೆಯ ಸೂತ್ರವನ್ನು ಕೈಬಿಟ್ಟಿತು. 2009ರಿಂದ ಐರೋಪ್ಯ ಒಕ್ಕೂಟದಲ್ಲಿ ಹಾನಿಯಾದ ದೇಶದ ಕಾನೂನೇ ಸಾಮಾನ್ಯ ನಿಯಮ. ಇಬ್ಬರೂ ಆಗ ಒಂದೇ ದೇಶದ ವಾಸಿಗಳಾಗಿದ್ದರೆ ಆ ದೇಶದ್ದು.

ಭಾರತದಲ್ಲಿ ಇದಕ್ಕೆಂದು ಕಾಯ್ದೆಯೇ ಇಲ್ಲ. 1960ರಲ್ಲಿ ರಾಜಸ್ಥಾನ ಹೈಕೋರ್ಟ್ ಬಳಸಿದ್ದು ಆ ಇಂಗ್ಲಿಷ್ ಸೂತ್ರವನ್ನೇ. ಹಾಗಾಗಿ ಆಳಂದದವನು ಎರಡೂ ಕಾನೂನುಗಳಲ್ಲಿ ಗೆಲ್ಲಬೇಕು. ಅದರಲ್ಲೂ ಸೌದಿ ಕಾನೂನನ್ನು ತಜ್ಞರ ಸಾಕ್ಷ್ಯದಿಂದ ಇಲ್ಲಿ ರುಜುವಾತುಪಡಿಸಬೇಕು. 2023ರ ಡಿಸೆಂಬರ್‌ವರೆಗೆ ಅಲ್ಲಿ ಸಂಹಿತೆಯಾಗಿ ಬರೆದಿಟ್ಟ ಸಿವಿಲ್ ಕಾನೂನೇ ಇರಲಿಲ್ಲ, ಈಗಿರುವುದೂ ಅರಬಿಯಲ್ಲಿ. ಐರೋಪ್ಯ ನಿಯಮವನ್ನು ಇದ್ದಂತೆ ತಂದರೂ ಸಾಲದು: ವೀಸಾ ನವೀಕರಿಸುತ್ತ ಹತ್ತು ವರ್ಷ ಅಲ್ಲೇ ದುಡಿದವನು ಸೌದಿಯ ವಾಸಿ ಎನಿಸಿಕೊಂಡುಬಿಡಬಹುದು. ಸಂಸತ್ತು ಕಾಯ್ದೆ ಬರೆಯುವುದಾದರೆ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಹೋದವನ ವಾಸ ಯಾವುದು ಎಂಬುದನ್ನು ಅದರಲ್ಲಿ ಬಿಡಿಸಿ ಹೇಳಲೇಬೇಕು.