ಒಂದೇ ಕಟ್ಟಡ, ಹಲವು ಆರಾಧನೆ: ಮುಂಬಯಿಯ ಕನ್ನಡ ಪ್ರೊಟೆಸ್ಟೆಂಟರ ಮುಂದಿರುವ ಹಳೆಯ ಪ್ರಶ್ನೆ

ಮುಂಬಯಿಯ ಕೆಲವು ಹಳೆಯ ಪ್ರೊಟೆಸ್ಟೆಂಟ್ ದೇವಾಲಯಗಳಲ್ಲಿ ಭಾನುವಾರ ಕೂಡುವುದು ಒಂದೇ ಸಭೆಯಲ್ಲ. ಮರಾಠಿ ಆರಾಧನೆ ಮುಗಿಸಿ ಜನ ಹೊರಬರುತ್ತಿರುವಾಗಲೇ ಇಂಗ್ಲಿಷಿನವರು ಮೆಟ್ಟಿಲ ಬಳಿ ನಿಂತಿರುತ್ತಾರೆ. ಅವರದಾದ ಮೇಲೆ ತಮಿಳರೋ ತೆಲುಗರೋ ಕನ್ನಡಿಗರೋ ತಮ್ಮ ತಮ್ಮ ಕೀರ್ತನೆ ಪುಸ್ತಕ ಹಿಡಿದು ಅದೇ ಬೆಂಚುಗಳಲ್ಲಿ ಕೂರುತ್ತಾರೆ. ಈ ಏರ್ಪಾಡು ಬಹುಮಟ್ಟಿಗೆ ಸೌಹಾರ್ದದಿಂದಲೇ ನಡೆದುಕೊಂಡು ಬಂದಿದೆ. ಆದರೆ ಕಟ್ಟಡದ ಪುನರ್ನಿರ್ಮಾಣದ ಮಾತೋ ಕಾಂಪೌಂಡಿನ ಒಂದು ಮೂಲೆಯನ್ನು ಗುತ್ತಿಗೆಗೆ ಕೊಡುವ ಮಾತೋ ಬಂದ ಕೂಡಲೇ, ದೇವಾಲಯ ಯಾರದು ಎಂಬ ಪ್ರಶ್ನೆ ತಲೆ ಎತ್ತುತ್ತದೆ. ಸಭೆಗಳ ಐಕ್ಯ, ಆಸ್ತಿಯ ಜಗಳ, ಆರಾಧನೆಯ ಭಾಷೆ, ಯುವಜನರು ಬೇರೆ ಕಡೆಗೆ ಹೋಗುತ್ತಿರುವುದು ಎಂದು ಬಿಡಿಬಿಡಿಯಾಗಿ ಚರ್ಚೆಯಾಗುವ ಸಂಗತಿಗಳಿಗೆಲ್ಲ ನನ್ನ ಎಣಿಕೆಯಲ್ಲಿ ಬೇರು ಒಂದೇ: ಮಿಶನ್‌ಗಳು ನೆಲವನ್ನು ತಮ್ಮೊಳಗೆ ಹಂಚಿಕೊಂಡ ಬಗೆ ಮತ್ತು ಮುಂದೆ ಅದನ್ನು ಇಲ್ಲಿಯವರಿಗೆ ಬಿಟ್ಟುಕೊಟ್ಟ ಬಗೆ.

ಅಮೆರಿಕದ ಮಿಶನರಿಗಳಾದ ಗಾರ್ಡನ್ ಹಾಲ್ ಮತ್ತು ಸಾಮ್ಯುಯೆಲ್ ನಾಟ್ 1813ರಲ್ಲಿ ಬೊಂಬಾಯಿಗೆ ಬಂದರು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1829ರಲ್ಲಿ ಬಂದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿ ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೆ ಹಬ್ಬಿತು. ಬೀದರ್, ಕಲಬುರಗಿ, ರಾಯಚೂರು, ಬೆಳಗಾವಿಗಳ ಕಡೆ ಬೆಳೆದದ್ದು ಅಮೆರಿಕನ್ ಮೂಲದ ಮೆಥೊಡಿಸ್ಟ್ ಸಭೆ. ಒಂದು ಮಿಶನ್ ಕೆಲಸ ಮಾಡುತ್ತಿರುವ ಜಿಲ್ಲೆಗೆ ಇನ್ನೊಂದು ಕಾಲಿಡಬಾರದೆಂಬ ಒಡಂಬಡಿಕೆ ಇವುಗಳ ನಡುವೆ ಕ್ರಮೇಣ ಬಲವಾಯಿತು. ಪೈಪೋಟಿ ತಪ್ಪಿಸುವ ಉದ್ದೇಶ ಒಳ್ಳೆಯದೇ ಆಗಿದ್ದರೂ, ಕ್ರೈಸ್ತನಾದವನು ಮೆಥೊಡಿಸ್ಟನೋ ಬಾಸೆಲಿನವನೋ ಎಂಬುದನ್ನು ಅವನ ವಿಶ್ವಾಸಕ್ಕಿಂತ ಹೆಚ್ಚಾಗಿ ಅವನ ಊರೇ ತೀರ್ಮಾನಿಸುವಂತಾಯಿತು. ಜನ ಹುಟ್ಟಿದ ಜಿಲ್ಲೆಯಲ್ಲೇ ಉಳಿಯುತ್ತಾರೆ ಎಂದುಕೊಂಡು ಮಾಡಿದ ಹಂಚಿಕೆ ಅದು. ಗಿರಣಿ, ರೈಲ್ವೆ, ಬಂದರು, ಆಸ್ಪತ್ರೆಗಳ ಕೆಲಸ ಹುಡುಕಿಕೊಂಡು ಮುಂಬಯಿಗೂ ಪುಣೆಗೂ ಹೊರಟವರ ಲೆಕ್ಕ ಅದರಲ್ಲಿ ಇರಲಿಲ್ಲ.

ಈ ವಿಭಜನೆ ತಮ್ಮದಲ್ಲ ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಭಾರತೀಯರೇ. 1910ರ ಎಡಿನ್‌ಬರೋ ಜಾಗತಿಕ ಮಿಶನರಿ ಸಮ್ಮೇಳನದಲ್ಲಿ ಆಂಗ್ಲಿಕನ್ ಪಾದ್ರಿ ವಿ. ಎಸ್. ಅಜರಯ್ಯ ಮಿಶನರಿಗಳ ಮೇಲರಿಮೆಯನ್ನು ಅವರೆದುರೇ ಪ್ರಶ್ನಿಸಿದರು. 1919ರಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಪಾದ್ರಿಗಳು ಐಕ್ಯಕ್ಕೆ ಕರೆ ಕೊಟ್ಟರು. ಅದರ ಫಲವಾಗಿ 1947ರ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ (ಚರ್ಚ್ ಆಫ್ ಸೌತ್ ಇಂಡಿಯಾ), ಅಂದರೆ ಸಿಎಸ್‌ಐ, ಹುಟ್ಟಿತು. ಉತ್ತರ ಭಾರತ ಸಭೆ (ಚರ್ಚ್ ಆಫ್ ನಾರ್ತ್ ಇಂಡಿಯಾ), ಅಂದರೆ ಸಿಎನ್‌ಐ, ನಾಗಪುರದಲ್ಲಿ 1970ರ ನವೆಂಬರ್ 29ರಂದು ಆರು ಪಂಗಡಗಳು ಕೂಡಿ ಆಯಿತು. ಮಾತುಕತೆಯಲ್ಲಿ ದಶಕಗಳ ಕಾಲ ಜೊತೆಗಿದ್ದ ಅಮೆರಿಕನ್ ಮೂಲದ ಮೆಥೊಡಿಸ್ಟರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು, 1981ರಲ್ಲಿ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವಾಯತ್ತ ಸಭೆಯಾದರು.

ಇದರ ಪರಿಣಾಮವನ್ನು ಮುಂಬಯಿಯ ಕನ್ನಡಿಗರಲ್ಲಿ ಸ್ಪಷ್ಟವಾಗಿ ಕಾಣಬಹುದು. ಬೀದರಿನಿಂದ ಬಂದವನಿಗೆ ಮೆಥೊಡಿಸ್ಟ್ ಸಭೆ ಇಲ್ಲಿಯೂ ಇದೆ. ಮಂಗಳೂರಿನ ಬಾಸೆಲ್ ಮನೆತನದವನು ಊರಿನಲ್ಲಿ ಸಿಎಸ್‌ಐ ಸದಸ್ಯ. ಮಹಾರಾಷ್ಟ್ರವಾದರೋ ಸಿಎನ್‌ಐ ಮೇರೆಗೆ ಸೇರಿದ್ದು. ಸಿಎಸ್‌ಐ, ಸಿಎನ್‌ಐ ಎರಡೂ ಸಭೆಗಳು ಕೇರಳ ಮೂಲದ ಮಾರ್‌ತೋಮಾ ಸಭೆಯೊಡನೆ 1978ರಲ್ಲಿ ಜಂಟಿ ಪರಿಷತ್ತನ್ನು ಮಾಡಿಕೊಂಡು ಒಬ್ಬರ ದೀಕ್ಷಾಸ್ನಾನವನ್ನೂ ಪ್ರಭುಭೋಜನವನ್ನೂ ಇನ್ನೊಬ್ಬರು ಮಾನ್ಯ ಮಾಡಿದ್ದರಿಂದ ಬಲಿಪೀಠದ ಎದುರು ತೊಡಕಿಲ್ಲ. ತೊಡಕಿರುವುದು ಆಡಳಿತದಲ್ಲಿ: ಭಾಷೆಯೇ ಮುಖ್ಯವೆಂದರೆ ಬಾಸೆಲಿನವನೂ ಮೆಥೊಡಿಸ್ಟನೂ ಒಂದೇ ಕನ್ನಡ ಸಭೆಯಲ್ಲಿ ಕೂರಬೇಕು, ಪಂಗಡವೇ ಮುಖ್ಯವೆಂದರೆ ಕನ್ನಡಿಗ ಮರಾಠಿ ಆರಾಧನೆಗೆ ಹೋಗಬೇಕು. ಐಕ್ಯದ ಕಾಗದಗಳಲ್ಲಿ ಪ್ರಾಂತ್ಯಕ್ಕೆ ಸಿಕ್ಕ ಮನ್ನಣೆ ಭಾಷೆಗೆ ಸಿಕ್ಕಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಇನ್ನು ಆಸ್ತಿಯ ವಿಚಾರ. ಮಿಶನ್ ಆಸ್ತಿ ಸಭೆಯ ಜನರದಲ್ಲ ಎಂಬುದು ಬಾಸೆಲಿನವರಿಗೆ ಮೊದಲ ಮಹಾಯುದ್ಧದ ಕಾಲಕ್ಕೇ ಅರ್ಥವಾಗಿತ್ತು: ಜರ್ಮನ್ ನಂಟಿನ ಕಾರಣಕ್ಕೆ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡಿತು, ಅವು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆ ಕಾರ್ಖಾನೆಗಳನ್ನೇ ನಂಬಿ ಬದುಕಿದ್ದ ಕ್ರೈಸ್ತ ಕುಟುಂಬಗಳಿಗೆ ಅದರಲ್ಲಿ ಮಾತೇ ಇರಲಿಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿ ಸ್ವಾತಂತ್ರ್ಯದ ನಂತರ 1950ರ ಸಾರ್ವಜನಿಕ ನ್ಯಾಸಗಳ (ಟ್ರಸ್ಟುಗಳ) ಕಾಯ್ದೆ ಬಂತು; ಅದೀಗ ಮಹಾರಾಷ್ಟ್ರದ ಹೆಸರಿನಲ್ಲಿದೆ. ಟ್ರಸ್ಟಿಗಳು ಬದಲಾದರೆ ತೊಂಬತ್ತು ದಿನಗಳೊಳಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಸ್ಥಿರಾಸ್ತಿಯನ್ನು ಮಾರಲು, ಕಟ್ಟಡವನ್ನೋ ಕೃಷಿಯೇತರ ಜಮೀನನ್ನೋ ಮೂರು ವರ್ಷ ಮೀರಿ ಗುತ್ತಿಗೆಗೆ ಕೊಡಲು 36ನೇ ಕಲಮಿನಂತೆ ಚಾರಿಟಿ ಕಮಿಷನರರ ಪೂರ್ವಾನುಮತಿ ಬೇಕು. ಇಂದು ಮುಂಬಯಿಯ ಸಭೆಗಳಲ್ಲಿ ‘ವರಳಿ ಆಫೀಸು’, ಅಂದರೆ ವರಳಿಯಲ್ಲಿರುವ ಚಾರಿಟಿ ಕಮಿಷನರರ ಕಚೇರಿ, ಎಂಬ ಮಾತು ಸಭೆಯ ಮೇಲಿನ ಆಡಳಿತ ಮಂಡಳಿಯಾದ ಸಿನಾಡಿನ ಹೆಸರಿನಷ್ಟೇ ಸಲೀಸಾಗಿ ಓಡಾಡುವುದು ಇದೇ ಕಾರಣಕ್ಕೆ.

ಈ ಕಾಯ್ದೆಗೂ 1970ರ ಐಕ್ಯಕ್ಕೂ ಮುಖಾಮುಖಿಯಾದದ್ದು ಹಿಂದೆ ಬೊಂಬಾಯಿ ರಾಜ್ಯಕ್ಕೆ ಸೇರಿದ್ದ ಗುಜರಾತಿನ ಒಂದು ವ್ಯಾಜ್ಯದಲ್ಲಿ. ಅಲ್ಲಿನ ಬ್ರದರನ್ ಸಭೆಯ ಆಡಳಿತ ಸಿಎನ್‌ಐ ಜೊತೆ ಕೂಡುವ ನಿರ್ಣಯ ಮಾಡಿತ್ತು. ಸದಸ್ಯರಲ್ಲಿ ಕೆಲವರು ತಾವು ಸೇರಿಯೇ ಇಲ್ಲ, ಆಸ್ತಿ ತಮ್ಮ ಸಭೆಯದೇ ಎಂದು ಪಟ್ಟುಹಿಡಿದರು. ಸುಪ್ರೀಂ ಕೋರ್ಟು 2005ರಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವ್ಯಾಪ್ತಿಯ ಪ್ರಶ್ನೆಯನ್ನು ತೀರ್ಮಾನಿಸಿತು. ಮುಂದೆ 2013ರ ತೀರ್ಪಿನಲ್ಲಿ, ಬರಿಯ ನಿರ್ಣಯದಿಂದ ಒಂದು ಸಂಘ ಇನ್ನೊಂದರಲ್ಲಿ ಲೀನವಾಗುವುದಿಲ್ಲ, ಸಂಘಗಳ ನೋಂದಣಿ ಕಾಯ್ದೆ ಮತ್ತು ನ್ಯಾಸಗಳ ಕಾಯ್ದೆ ಹೇಳುವ ವಿಧಿಗಳನ್ನು ಪಾಲಿಸದೆ ಆಸ್ತಿ ಸಿಎನ್‌ಐಗೆ ಹೋಗುವುದಿಲ್ಲ ಎಂದು ಹೇಳಿತು. ನಲವತ್ತಮೂರು ವರ್ಷ ಒಂದಾಗಿದ್ದೇವೆ ಎಂದುಕೊಂಡವರು ನೆಲದ ಮಟ್ಟಿಗೆ ಒಂದಾಗಿಯೇ ಇರಲಿಲ್ಲ! ದೇವಶಾಸ್ತ್ರದ ಒಪ್ಪಂದಕ್ಕೆ ಅಷ್ಟೊಂದು ವರ್ಷ ತೆಗೆದುಕೊಂಡ ಹಿರಿಯರು ರಿಜಿಸ್ಟರಿನ ಕೆಲಸವನ್ನು ಗುಮಾಸ್ತರ ಕೆಲಸವೆಂದು ಬಿಟ್ಟದ್ದಕ್ಕೆ ತೆತ್ತ ಬೆಲೆ ಇದು. ಅದೇ 2013ರಲ್ಲಿ ಸಿಎಸ್‌ಐ ಇ. ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ಪರನ್ನಾಗಿ ಅಭಿಷೇಕಿಸಿತು. ಸ್ತ್ರೀಯರ ಸೇವಾದೀಕ್ಷೆಯಂಥ ಕಠಿಣ ವಿವಾದವೂ ಸರ್ವೆ ನಂಬರುಗಳಿಗಿಂತ ಬೇಗ ಬಗೆಹರಿಯಿತೆನ್ನಬೇಕು.

ಯುವಜನರು ಭಾವಪರವಶ ಪ್ರಾರ್ಥನೆಗೆ ಒತ್ತು ಕೊಡುವ ಸ್ವತಂತ್ರ ಪೆಂಟೆಕೋಸ್ಟಲ್ ಸಭೆಗಳತ್ತ ಹೋಗುತ್ತಿದ್ದಾರೆ ಎಂಬ ದೂರನ್ನು ಹಿರಿಯರು ಹೊಸ ಪಿಡುಗೆಂಬಂತೆ ಹೇಳುತ್ತಾರೆ. ಆದರೆ ಪುಣೆ ಜಿಲ್ಲೆಯ ಕೇಡಗಾಂವದ ಮುಕ್ತಿ ಮಿಶನ್ನಿನಲ್ಲಿ 1905ರಲ್ಲೇ ಹೆಣ್ಣುಮಕ್ಕಳು ಗಂಟೆಗಟ್ಟಲೆ ಕಣ್ಣೀರಿಡುತ್ತ, ಒಟ್ಟಿಗೆ ದನಿಯೆತ್ತಿ ಪ್ರಾರ್ಥಿಸುತ್ತಿದ್ದರು. ಆ ಸುದ್ದಿ ಜಗತ್ತಿನ ಪೆಂಟೆಕೋಸ್ಟಲ್ ವಲಯಗಳಿಗೆಲ್ಲ ಮುಟ್ಟಿತ್ತು. ಆ ಮಿಶನ್ನನ್ನು ನಡೆಸುತ್ತಿದ್ದ ಪಂಡಿತಾ ರಮಾಬಾಯಿ 1858ರಲ್ಲಿ ಕನ್ನಡ ನಾಡಿನ ಘಟ್ಟದ ಮೇಲೆ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ದೀಕ್ಷೆ ಪಡೆದರೂ ತಮ್ಮ ವಿಶ್ವಾಸವನ್ನು ಪಂಗಡದ ಗುರುಗಳು ನಿರ್ದೇಶಿಸಲು ಅವರು ಒಪ್ಪಲಿಲ್ಲ. ಇಂದು ಥಾಣೆಯಲ್ಲೋ ಪಿಂಪ್ರಿಯಲ್ಲೋ ಬಾಡಿಗೆ ಸಭಾಂಗಣದಲ್ಲಿ ಗಿಟಾರು, ಡ್ರಮ್ಮುಗಳೊಡನೆ ಇಂಗ್ಲಿಷ್-ಹಿಂದಿ ಹಾಡುಗಳನ್ನು ಹಾಡುವ ಸಭೆಗೆ ಹೋಗುವ ಕನ್ನಡ ಮನೆಯ ಹುಡುಗಿಗೆ ಸಿಎಸ್‌ಐ, ಸಿಎನ್‌ಐ ಎಂಬ ಗಡಿಗಳು ಅಡ್ಡಬರುವುದಿಲ್ಲ. ಅಲ್ಲಿ ಕಾಂಪೌಂಡಿಲ್ಲ, ಆದ್ದರಿಂದ ಕಾಂಪೌಂಡಿನ ಜಗಳವೂ ಇಲ್ಲ. ಲೆಕ್ಕ ಕೇಳುವ ಪಾಸ್ಟರೇಟ್ ಕಮಿಟಿಯೂ ಅನೇಕ ಕಡೆ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಸಭೆ ಬೆಳೆದು ಸ್ವಂತ ಜಾಗ ಕೊಂಡು ಟ್ರಸ್ಟ್ ನೋಂದಾಯಿಸಿದ ದಿನ ಅವರೂ ವರಳಿಯ ದಾರಿ ಹಿಡಿಯಲೇಬೇಕು.

ಸದ್ಯಕ್ಕೆ ಬಿಸಿಯಾಗಿರುವುದು ಪುನರ್ವಿಕಾಸದ ವಿಷಯ. ನಗರದ ಒಳಗಿನ ಹಳೆಯ ಕಾಂಪೌಂಡುಗಳ ನೆಲಕ್ಕೆ ಇರುವ ಬೆಲೆ ಬಿಲ್ಡರುಗಳಿಗೆ ಚೆನ್ನಾಗಿ ಗೊತ್ತು. ಟ್ರಸ್ಟು ಅನುಮತಿಗೆ ಅರ್ಜಿ ಹಾಕಿದಾಗ ಹಿತಾಸಕ್ತಿಯುಳ್ಳವರು ತಕರಾರು ಸಲ್ಲಿಸಲು ಕಾಯ್ದೆಯಲ್ಲಿ ದಾರಿಯಿದೆ. ಆದರೆ ಭಾಷಾ ಸಭೆಗಳಿಗೆ ಕಟ್ಟಡದಲ್ಲಿ ಸಿಕ್ಕಿರುವ ಭಾನುವಾರದ ಗಂಟೆಗಳು ಸಾಮಾನ್ಯವಾಗಿ ರೂಢಿಯಿಂದ ಬಂದವು, ದಸ್ತಾವೇಜಿನಿಂದಲ್ಲ. ತಮ್ಮ ಹಕ್ಕನ್ನು ಸಾಧಿಸಬೇಕಾದ ಕನ್ನಡ ಸಭೆಯ ಕೈಯಲ್ಲಿರುವ ಆಧಾರವೆಂದರೆ ದೀಕ್ಷಾಸ್ನಾನದ, ಮದುವೆಯ ರಿಜಿಸ್ಟರುಗಳು, ಚಂದಾ ರಸೀದಿಗಳು ಮತ್ತು ಕಮಿಟಿಯ ಹಳೆಯ ನಡವಳಿ ಪುಸ್ತಕ. ಅವನ್ನು ಒಟ್ಟುಗೂಡಿಸಿ, ಪ್ರತಿ ಮಾಡಿಸಿ, ಮರಾಠಿಗೋ ಇಂಗ್ಲಿಷಿಗೋ ಅನುವಾದಿಸಿ ವಕೀಲರಿಗೆ ಒಪ್ಪಿಸುವ ಕೆಲಸ ಬಿಲ್ಡರನ ಕರಡು ಬರುವುದಕ್ಕೆ ಮೊದಲೇ ಆಗಬೇಕಾದದ್ದು.