ದೇಹಬಿಂಬ: ಹದಿಹರೆಯದ ಮಕ್ಕಳು ತಮ್ಮ ಮೈಯನ್ನು ಕಾಣುವ ಬಗೆ

ಒಬ್ಬರು ತಮ್ಮ ದೇಹದ ಬಗ್ಗೆ ಮನಸ್ಸಿನೊಳಗೆ ಕಟ್ಟಿಕೊಂಡ ಚಿತ್ರಕ್ಕೆ ದೇಹಬಿಂಬ ಎನ್ನುತ್ತಾರೆ. ಎತ್ತರ, ತೂಕ, ಮೈಬಣ್ಣ, ಮೂಗು, ಹಲ್ಲುಸಾಲು ಎಲ್ಲವೂ ಅದರಲ್ಲಿ ಸೇರುತ್ತವೆ. ಅವುಗಳ ಬಗೆಗಿನ ಹೆಮ್ಮೆ, ನಾಚಿಕೆ, ಬೇಸರಗಳೂ ಸೇರುತ್ತವೆ. ಆಸ್ಟ್ರಿಯಾ ಮೂಲದ ಮನೋವೈದ್ಯ ಪೌಲ್ ಶಿಲ್ಡರ್ 1935ರಲ್ಲಿ ಈ ಪರಿಕಲ್ಪನೆಯನ್ನು ವಿಸ್ತಾರವಾಗಿ ವಿವರಿಸಿದರು. ಸುತ್ತಲಿನವರು ನಮ್ಮನ್ನು ನೋಡುವ ರೀತಿಯೂ ಆ ಚಿತ್ರವನ್ನು ತಿದ್ದುತ್ತಿರುತ್ತದೆ ಎಂದು ಅವರು ಆಗಲೇ ಗುರುತಿಸಿದ್ದರು. ವಯಸ್ಸಿಗೆ ತಕ್ಕ ತೂಕವಿರುವ ಹುಡುಗಿ ತಾನು ದಪ್ಪ ಎಂದು ಗಟ್ಟಿಯಾಗಿ ನಂಬುವುದು ಹೀಗೆಯೇ. ತೂಕದ ಯಂತ್ರ ತೋರಿಸಿದರೂ ಅವಳಿಗೆ ಸಮಾಧಾನವಾಗುವುದಿಲ್ಲ.

ಸುತ್ತಲಿನವರು ಎಂದರೆ ಯಾರು? ಮೇ ತಿಂಗಳ ಕೊನೆಗೆ ಮಂಗಳೂರಿನ ಯಾವುದಾದರೂ ಟೈಲರ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ. ಸಮವಸ್ತ್ರ ಹೊಲಿಸಲು ಬಂದ ಮಕ್ಕಳ ಸಾಲು. ಟೈಲರ್ ಟೇಪು ಸುತ್ತಿ ಸೊಂಟದ ಅಳತೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಪುಸ್ತಕದಲ್ಲಿ ಬರೆದುಕೊಳ್ಳುವ ಹುಡುಗ ಖಾತ್ರಿಗೆಂದು ಅದನ್ನೇ ಇನ್ನೊಮ್ಮೆ ಕೂಗುತ್ತಾನೆ. ಪಕ್ಕದಲ್ಲಿ ನಿಂತ ಅಮ್ಮ, ‘ಸ್ವಲ್ಪ ಸಡಿಲ ಇಡಿ, ಇವಳು ಇನ್ನೂ ತೋರ ಆಗುತ್ತಾಳೆ’ ಎನ್ನುತ್ತಾರೆ. ನೋಯಿಸಬೇಕೆಂದು ಇವರಲ್ಲಿ ಯಾರಿಗೂ ಇಲ್ಲ. ಆದರೆ ಹಿಂದೆ ಅದೇ ತರಗತಿಯ ಇಬ್ಬರು ನಿಂತಿದ್ದಾರೆ. ಹದಿಮೂರರ ಆ ಹುಡುಗಿ ಹೊಟ್ಟೆಯನ್ನು ಒಳಗೆಳೆದು ಉಸಿರು ಬಿಗಿಹಿಡಿದಿದ್ದಾಳೆ. ಅಂಗಡಿಯವರು ಮರೆತ ಮೇಲೂ ಆ ಅಳತೆ ಅವಳ ತಲೆಯಲ್ಲಿ ಉಳಿಯುತ್ತದೆ.

ಮದುವೆ, ಗೃಹಪ್ರವೇಶ, ಭೂತಕೋಲಗಳಲ್ಲಿ ಸೇರುವ ನೆಂಟರ ಮಾತೂ ಇದೇ ಜಾತಿಯದು. ಮುಂಬಯಿಯಿಂದಲೋ ಗಲ್ಫ್‌ನಿಂದಲೋ ಬಂದ ಚಿಕ್ಕಮ್ಮ, ‘ಎಂತ ಮಾರಾಯ, ಇಷ್ಟು ಸಪೂರ? ಮನೆಯಲ್ಲಿ ಊಟ ಕೊಡುವುದಿಲ್ಲವಾ?’ ಎಂದು ಹುಡುಗನ ತೋಳು ಹಿಡಿದು ನೋಡುತ್ತಾರೆ. ಅವನ ತಂಗಿಗೆ ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಪ್ರಮಾಣಪತ್ರ ಸಿಗುತ್ತದೆ. ಪ್ರೀತಿಯಿಂದ ಆಡಿದ್ದು ಎಂಬುದು ನಿಜ. ಆದರೆ ವಾರಕ್ಕೆ ನಾಲ್ಕು ಜನ ನಮ್ಮ ಮೈಯನ್ನು ಹೀಗೆ ತೂಗಿ ಬೆಲೆ ಹೇಳಿದರೆ ನಾವು ಸಹಿಸುತ್ತೇವೆಯೇ? ಮಕ್ಕಳು ಸಹಿಸಲೇಬೇಕು ಎಂದುಕೊಂಡಿದ್ದೇವೆ, ಅಷ್ಟೇ.

ಹದಿಹರೆಯದಲ್ಲಿ ಈ ಮಾತುಗಳು ಇಷ್ಟು ಆಳಕ್ಕಿಳಿಯಲು ಕಾರಣವಿದೆ. ಮನಸ್ಸಿನ ಚಿತ್ರ ಗಟ್ಟಿಯಾಗುವ ಮೊದಲೇ ದೇಹ ಬದಲಾಗುತ್ತಿರುತ್ತದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಪ್ರೌಢಾವಸ್ಥೆಯ ಬದಲಾವಣೆಗಳು ತೊಡಗುತ್ತವೆ. ಹುಡುಗಿಯರು ವೇಗವಾಗಿ ಬೆಳೆಯುವ ಕಾಲ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಏಳನೇ ತರಗತಿಯ ಗುಂಪು ಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ಹುಡುಗಿಯರೇ ಹೆಚ್ಚು ಕಾಣುವುದು ಅದಕ್ಕೇ. ಅವರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಬೆಳವಣಿಗೆಯ ಭಾಗ. ಅದನ್ನು ಉಪವಾಸದಿಂದ ತಡೆಯಲು ಹೊರಟರೆ ಎಲುಬು ಬಲಿಯುವುದಕ್ಕೂ ಮುಟ್ಟಿನ ಕ್ರಮಕ್ಕೂ ಪೆಟ್ಟು. ಹುಡುಗರಲ್ಲಿ ಮೊದಲು ಕೈಕಾಲು ಉದ್ದವಾಗಿ ಮೈ ತುಂಬುವುದು ಆಮೇಲೆ. ಸುಮಾರು ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆಯ ಭಾಗ ಸ್ವಲ್ಪ ಉಬ್ಬುತ್ತದೆ. ಹಾರ್ಮೋನುಗಳ ಏರಿಳಿತದಿಂದ ಬಂದದ್ದು, ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿ ಇಳಿಯುತ್ತದೆ. ಇದನ್ನು ಯಾರೂ ಹೇಳಿಕೊಡದ ಕಾರಣ, ಏಪ್ರಿಲ್‌ನ ಕರಾವಳಿ ಸೆಕೆಯಲ್ಲೂ ಜಾಕೆಟ್ ಬಿಚ್ಚದೆ ಬೆವರುತ್ತಾ ಕುಳಿತ ಹುಡುಗನಿಗೆ ‘ಎಂತ ಸ್ಟೈಲು!’ ಎಂಬ ಬೈಗುಳ ಸಿಗುತ್ತದೆ. ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಮನೆಯವರಿಗೆ ಹೊಳೆಯುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ಈ ವಯಸ್ಸಿನ ಇನ್ನೊಂದು ಲಕ್ಷಣಕ್ಕೆ ‘ಕಾಲ್ಪನಿಕ ಪ್ರೇಕ್ಷಕರು’ ಎಂದು ಹೆಸರಿಟ್ಟರು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಬಸ್ಸಿನಲ್ಲಿ ಎಲ್ಲರೂ ಕಿಟಕಿಯಾಚೆಗೋ ಮೊಬೈಲಿಗೋ ಕಣ್ಣು ನೆಟ್ಟಿದ್ದರೂ, ಹಣೆಯಲ್ಲಿ ಮೊಡವೆ ಎದ್ದವಳಿಗೆ ಇಡೀ ಬಸ್ಸು ತನ್ನ ಹಣೆಯನ್ನೇ ನೋಡುತ್ತಿದೆ ಅನ್ನಿಸುತ್ತದೆ. ‘ಯಾರು ನೋಡುತ್ತಾರೆ ನಿನ್ನನ್ನು!’ ಎಂದು ಗದರಿದರೆ ಆ ಭಾವನೆ ಹೋಗುವುದಿಲ್ಲ, ಹೇಳಿಕೊಳ್ಳುವುದು ನಿಲ್ಲುತ್ತದೆ.

ಪರದೆಯ ಪಾಲೂ ಇದರಲ್ಲಿ ಸಣ್ಣದಲ್ಲ. ಫಿಜಿ ದ್ವೀಪದ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಅಲ್ಲಿನ ಶಾಲಾ ಹುಡುಗಿಯರನ್ನು ಆಗೊಮ್ಮೆ, 1998ರಲ್ಲಿ ಇನ್ನೊಮ್ಮೆ ಪರೀಕ್ಷಿಸಿದರು. ತೀರ ಅನಾರೋಗ್ಯಕರ ಆಹಾರ ಧೋರಣೆ ತೋರಿದವರ ಪ್ರಮಾಣ ಶೇ. 12.7ರಿಂದ ಶೇ. 29.2ಕ್ಕೆ ಏರಿತ್ತು. ಮೈ ತುಂಬಿಕೊಂಡಿರುವುದನ್ನೇ ಚೆಂದ ಎನ್ನುತ್ತಿದ್ದ ಸಮಾಜ ಅದು. ಈಗ ಮಕ್ಕಳ ಕೈಯಲ್ಲಿರುವ ಮೊಬೈಲು ಅವರ ಮುಖವನ್ನೇ ಬೆಳ್ಳಗೆ, ನುಣ್ಣಗೆ, ಮೂಗು ಚಿಕ್ಕದಾಗಿಸಿ ತೋರಿಸುತ್ತದೆ. ನಮ್ಮೂರಿಗೆ ಇನ್ನೊಂದು ಭಾರವೂ ಇದೆ: 1994ರ ವಿಶ್ವಸುಂದರಿ ಐಶ್ವರ್ಯಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ. ಊರಿಗೆ ಹೆಮ್ಮೆ ಸಹಜ. ಆದರೆ ‘ಮಂಗಳೂರಿನ ಹುಡುಗಿ ಎಂದರೆ ಹೀಗಿರಬೇಕು’ ಎಂದು ಹೊರಗಿನವರು ಹೇಳುವ ಮಾತು ಇಲ್ಲಿನ ಹುಡುಗಿಯರ ಕಿವಿಗೂ ಬೀಳುತ್ತದೆ.

ಆತ್ಮಗೌರವ ಎಂಬುದು ದೇಹಬಿಂಬಕ್ಕಿಂತ ದೊಡ್ಡದು. ತನ್ನನ್ನು ತಾನು ಒಟ್ಟಾರೆಯಾಗಿ ಎಷ್ಟು ಬೆಲೆಯುಳ್ಳ ಮನುಷ್ಯ ಎಂದು ಕಾಣುತ್ತೇವೆ ಎಂಬುದು ಅದು. ಅದನ್ನು ಅಳೆಯಲು ಅಮೆರಿಕದ ಸಮಾಜವಿಜ್ಞಾನಿ ಮೋರಿಸ್ ರೋಸೆನ್‌ಬರ್ಗ್ 1965ರಲ್ಲಿ ಹದಿಹರೆಯದವರಿಗಾಗಿ ರೂಪಿಸಿದ ಹತ್ತು ಹೇಳಿಕೆಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಇತರರಿಗಿಂತ ನಾನು ಮೇಲು ಎಂದುಕೊಳ್ಳುತ್ತೀಯಾ ಎಂದು ಅದು ಕೇಳುವುದಿಲ್ಲ. ಕನಿಷ್ಠ ಇತರರಷ್ಟು ಬೆಲೆ ನನಗೂ ಇದೆ ಅನ್ನಿಸುತ್ತದೆಯೇ ಎಂದು ಕೇಳುತ್ತದೆ. ನನಗೆ ಈ ವ್ಯತ್ಯಾಸ ಬಹಳ ಮುಖ್ಯ ಅನ್ನಿಸುತ್ತದೆ. ಮಗಳಿಗೆ ಆತ್ಮಗೌರವ ತುಂಬಲು ಹೊರಟ ಹೆತ್ತವರು ‘ನೀನೇ ಎಲ್ಲರಿಗಿಂತ ಚೆಂದ’ ಎಂದು ಹೊಗಳುತ್ತಾರೆ. ಹೊಗಳಿಕೆ ಸಿಹಿಯೇ. ಆದರೆ ಅದೂ ಅವಳನ್ನು ರೂಪದ ತಕ್ಕಡಿಯಲ್ಲೇ ಕೂರಿಸುತ್ತದೆ. ನಾಳೆ ಅವಳಿಗಿಂತ ಚೆಂದದವಳು ತರಗತಿಗೆ ಬಂದರೆ ತಕ್ಕಡಿ ವಾಲುತ್ತದೆ.

ಹಾಗಾದರೆ ಏನು ಹೇಳಬೇಕು? ಮೈ ಮಾಡುವ ಕೆಲಸದ ಬಗ್ಗೆ ಹೇಳಿ. ಉಡುಪಿಯ ಹಲವು ಪ್ರೌಢಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಯಕ್ಷಗಾನ ಕಲಿಸುತ್ತಾರೆ. ಅಲ್ಲಿನ ಅಭ್ಯಾಸವನ್ನು ಒಮ್ಮೆ ಕುಳಿತು ನೋಡಿ: ಚೆಂಡೆಯ ಪೆಟ್ಟಿಗೆ ಹೆಜ್ಜೆ ಕೂಡಿಸಲು ಹೆಣಗುವ ಮಕ್ಕಳಲ್ಲಿ ತಮ್ಮ ಸೊಂಟದ ಅಳತೆ ಯೋಚಿಸುವವರು ಸಿಗುವುದು ಕಷ್ಟ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಗಾತ್ರವೇ ಶೋಭೆ. ಗಿರಗಿರನೆ ತಿರುಗಿ ಹಾರುವ ಧೀಂಗಿಣ ಹಾಕಿ ಎದ್ದ ಹುಡುಗಿಗೆ ತನ್ನ ತೊಡೆಗಳು ಗಟ್ಟಿ ಎಂದು ಗೊತ್ತಾಗುತ್ತದೆ. ಈಜು, ಕಬಡ್ಡಿ, ತೋಟದ ಕೆಲಸ, ಯಾವುದಾದರೂ ಸರಿ. ‘ಮೊನ್ನೆಗಿಂತ ಇವತ್ತು ಹೆಚ್ಚು ಹೊತ್ತು ಕುಣಿದೆ’ ಎಂಬ ಮಾತಿನಲ್ಲಿ ಹುಸಿ ಇಲ್ಲ, ಹೋಲಿಕೆಗೆ ಬೇರೆ ಮಗುವೂ ಇಲ್ಲ.

ಇನ್ನೊಂದು, ಮನೆಯಲ್ಲಿ ದೊಡ್ಡವರು ತಮ್ಮ ಮೈಯನ್ನು ಬೈದುಕೊಳ್ಳುವುದನ್ನು ನಿಲ್ಲಿಸಬೇಕು. ‘ನಾನು ಹಂಡೆಯ ಹಾಗೆ ಆಗಿದ್ದೇನೆ, ನನಗೆ ನೀರುದೋಸೆ ಬೇಡ’ ಎಂದು ಅಮ್ಮ ದಿನವೂ ಹೇಳಿದರೆ ಮಗಳು ಅದನ್ನು ಪಾಠದಂತೆ ಕಲಿಯುತ್ತಾಳೆ. ನೆಂಟರ ಬಾಯಿಗೆ ಬೀಗ ಹಾಕಲಾಗದು. ಆದರೆ ‘ಅವನ ಮೈ ವಿಷಯ ಬಿಡಿ ಚಿಕ್ಕಮ್ಮ, ಅವನು ಬಿಡಿಸಿದ ಚಿತ್ರ ನೋಡಿದಿರಾ?’ ಎಂದು ಮಗುವಿನ ಎದುರಿಗೇ ಮಾತು ತಿರುಗಿಸಬಹುದು. ‘ನಾನು ದಪ್ಪವಾ?’ ಎಂದು ಮಗು ಕೇಳಿದರೆ ಹೌದು, ಅಲ್ಲ ಎರಡೂ ಬೇಡ. ಯಾರು ಹಾಗೆಂದರು, ಯಾವಾಗ ಅನ್ನಿಸಿತು ಎಂದು ಕೇಳಿ.

ಊಟ ತಪ್ಪಿಸುವುದು ಅಭ್ಯಾಸವಾದರೆ, ತಿಂದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ, ಶುರುವಾಗಿದ್ದ ಮುಟ್ಟು ತಿಂಗಳುಗಟ್ಟಲೆ ನಿಂತರೆ, ಹುಡುಗ ಕದ್ದುಮುಚ್ಚಿ ಮೈ ಬೆಳೆಸುವ ಪುಡಿ ತಿನ್ನುತ್ತಿದ್ದರೆ, ಶಾಲೆಗೆ ಹೋಗಲೇ ಒಲ್ಲೆ ಎಂದರೆ ಕಾಯಬಾರದು. ಮೊದಲು ಮಕ್ಕಳ ವೈದ್ಯರನ್ನು ಕಾಣಿ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮಗುವೂ ಕರೆ ಮಾಡಬಹುದು, ಹೆತ್ತವರೂ ಮಾಡಬಹುದು; ಕರೆ ಉಚಿತ. ಆಪ್ತಸಮಾಲೋಚಕರ ಬಳಿ ಕರೆದುಕೊಂಡು ಹೋದರೆ ಸ್ವಲ್ಪ ಹೊತ್ತು ಹೊರಗಿನ ಬೆಂಚಿನಲ್ಲಿ ಕುಳಿತು, ಮಗು ಒಬ್ಬನೇ ಅಥವಾ ಒಬ್ಬಳೇ ಮಾತಾಡಲು ಬಿಡಿ.